ಅರ್ಧ ಸರಿಯಿದ್ದ ಗಾದೆ

ನಮ್ಮ ಮೇಷ್ಟ್ರು ಬಸ್ಸು ಹತ್ತಿದ ಕೂಡಲೇ ಚಪ್ಪಲಿ ಬಿಡುತ್ತಿದ್ದರು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬೆಳಗಿನ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಚಪ್ಪಲಿಯನ್ನು ಅದರ ಕೆಳಗೆ ಜೋಡಿಸಿಟ್ಟು, ಆಮೇಲೆ ಚೀಲದಿಂದ ಪುಸ್ತಕ ತೆಗೆಯುವುದು. ತೊಡೆಯ ಮೇಲೆ ಪುಸ್ತಕ ಇರುವಾಗ ಕಾಲಲ್ಲಿ ಚಪ್ಪಲಿ ಇರಬಾರದು ಎಂಬುದು ಅವರ ನೇಮ. ಕಂಡಕ್ಟರು ದಿನಾ ರೇಗಿಸುತ್ತಿದ್ದ: “ಮೇಷ್ಟ್ರೇ, ಇದು ಗುಡಿ ಅಲ್ಲ ಕಣ್ರೀ, ಗೌರ್ಮೆಂಟ್ ಬಸ್ಸು. ಯಾರಾದ್ರೂ ಮೆಟ್ಕೊಂಡು ಹೋದ್ರೆ ನನ್ನ ಕೇಳ್ಬ್ಯಾಡಿ.” ಮೇಷ್ಟ್ರು ಪುಸ್ತಕದಿಂದ ತಲೆಯೆತ್ತದೆ, “ನನ್ನ ಚಪ್ಪಲಿ ಮೆಟ್ಟಿದೋನು ಬೀದಿ ತಿರುವು ದಾಟೋಷ್ಟರಲ್ಲಿ ವಾಪಸ್ ತಂದಿಡ್ತಾನಪ್ಪ, ಅಷ್ಟು ಸವೆದಿದೆ” ಎನ್ನುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟಕ್ಕೆ ಹೋಗಿದ್ದೆ. ಎಲೆಯ ಮುಂದೆ ಕೂತವರೆಲ್ಲ “ಪಾಪ, ಬಿಡುಗಡೆಯಾಯ್ತು ಬಿಡಿ” ಎನ್ನುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ಕೊನೆಯ ಕೆಲವು ವರ್ಷಗಳ ಮೇಷ್ಟ್ರನ್ನಷ್ಟೇ ನೋಡಿದವರು ಹಾಗೆ ಹೇಳಬಹುದು. ನನಗೆ ಅದಕ್ಕೂ ಮುಂಚಿನ ಮೇಷ್ಟ್ರು ಗೊತ್ತು, ಅವರು ಹೋದದ್ದು ನನಗಿನ್ನೂ ನುಂಗಲಾರದ ತುತ್ತು. ಪಾಯಸವನ್ನು ಹಾಗೇ ಬಿಟ್ಟು ಎದ್ದು ಬಂದೆ.

ಕಾಲೇಜಿನಲ್ಲಿ ಅವರದು ಜೀವಶಾಸ್ತ್ರ, ನನ್ನದು ಗಣಿತ. ನಾನು ತಾಂಡವಪುರದ ಒಕ್ಕಲು ಮನೆಯವಳು, ಕೊರಳಲ್ಲಿ ಲಿಂಗ ಕಟ್ಟಿದವಳು. ಮದುವೆಯಾಗಿ ನಂಜನಗೂಡು ಸೇರಿದೆ. ಅವರದು ವೈದಿಕರ ಮನೆ, ತಂದೆ ಪೌರೋಹಿತ್ಯ ಮಾಡಿಕೊಂಡಿದ್ದವರು. ಬಸ್ಸಿನಲ್ಲಿ ಅಕ್ಕಪಕ್ಕ ಕೂತರೂ ಮೊದಲ ವರ್ಷ ಊಟದ ಡಬ್ಬಿ ಹಂಚಿಕೊಂಡಿರಲಿಲ್ಲ. ಎರಡನೆಯ ವರ್ಷ ನಮ್ಮತ್ತೆ ಮಾಡಿದ ಹುಚ್ಚೆಳ್ಳು ಪುಡಿಯ ಘಮ ಅವರ ಮಡಿಯನ್ನು ಸೋಲಿಸಿತು. “ಅಮ್ಮಣ್ಣಿ, ಸ್ವಲ್ಪ ಈ ಕಡೆ ಸರಿಸಿ. ಶಾಸ್ತ್ರದಲ್ಲಿ ಹುಚ್ಚೆಳ್ಳಿಗೆ ವಿನಾಯಿತಿ ಇದೆ” ಎಂದರು. ಯಾವ ಶಾಸ್ತ್ರದಲ್ಲಿ ಎಂದು ಕೇಳಿದರೆ “ಜೀವಶಾಸ್ತ್ರದಲ್ಲಿ” ಎಂದು ನಕ್ಕರು. ಅಂದಿನಿಂದ ನನ್ನನ್ನು ಮೇಡಂ ಎಂದು ಕರೆದದ್ದೇ ಇಲ್ಲ, ಅಮ್ಮಣ್ಣಿಯೇ.

ಅವರ ಪಾಠದ ಒಂದು ವಿಶೇಷ ಇಡೀ ನರಸೀಪುರಕ್ಕೆ ಗೊತ್ತಿತ್ತು. ಜೀನಿನ ಪಾಠ ಬಂತೆಂದರೆ ಮೇಷ್ಟ್ರು ಸಂತೆಯಿಂದ ಬಾಳೆಹಣ್ಣು ತರುತ್ತಿದ್ದರು. ಒಂದು ಹಸಿರು ಕಾಯಿ, ಒಂದು ಹದವಾಗಿ ಮಾಗಿದ್ದು, ಒಂದು ಕಪ್ಪಾಗಿ ಮೆತ್ತಗಾದದ್ದು. ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಕೇಳುವರು: “ಇವುಗಳಲ್ಲಿ ಜೀನು ಯಾವುದರಲ್ಲಿ ಜಾಸ್ತಿ ಇದೆ ಹೇಳ್ರಪ್ಪ?” ಪ್ರತಿ ವರ್ಷವೂ ಯಾರಾದರೊಬ್ಬರು ಹಣ್ಣನ್ನು ತೋರಿಸುವರು. “ಮೂರರಲ್ಲೂ ಅವೇ! ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಕಾಯಲ್ಲಿದ್ದಾಗ ಮಲಗಿದ್ದ ಕೆಲವು ಜೀನುಗಳು ಹಣ್ಣಾಗೋವಾಗ ಎದ್ದವು. ಎದ್ದಿದ್ದ ಕೆಲವು ಮಲಗಿದವು. ಯಾವ ಜೀನು ಇದೆ ಅನ್ನೋದು ಅರ್ಧ ಕತೆ ಕಣ್ರೋ. ಯಾವುದು ಕೆಲಸ ಮಾಡ್ತಿದೆ ಅನ್ನೋದು ಇನ್ನರ್ಧ.” ಪಾಠ ಮುಗಿದ ಮೇಲೆ ಮಾಗಿದ ಹಣ್ಣು ಆ ದಿನ ತಪ್ಪು ಉತ್ತರ ಹೇಳಿದವರಿಗೆ ಹೋಗುತ್ತಿತ್ತು. ಆ ಆಸೆಗೆ ಬೇಕೆಂದೇ ತಪ್ಪು ಹೇಳುವವರೂ ಇದ್ದರು.

ತುಂಬ ನಗಿಸುತ್ತಿದ್ದ ಈ ಮನುಷ್ಯನಿಗೆ ಒಂದು ಗಾದೆ ಕೇಳಿದರೆ ಮಾತ್ರ ಆಗುತ್ತಿರಲಿಲ್ಲ. ಅರವತ್ತಕ್ಕೆ ಅರಳು ಮರಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಹಾಜರಿ ಪುಸ್ತಕ ಮರೆತು ಬಂದು ತಮಾಷೆಗೆ ಹಾಗೆಂದರೆ ಮೇಷ್ಟ್ರ ಮುಖ ಸಣ್ಣಗಾಗುತ್ತಿತ್ತು. ಒಂದು ಸಂಜೆ ಬಸ್ಸಿನಲ್ಲಿ ಅದಕ್ಕೆ ಕಾರಣ ಹೇಳಿದರು. ಅವರ ತಾಯಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂದಿತ್ತಂತೆ. ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕಿದವರು ಮಧ್ಯಾಹ್ನ ಮತ್ತೆ ಹಾಕುವರು, ಸಂಜೆ ಅದರ ಮೇಲೇ ಇನ್ನೊಂದು. ಹೊಸಲಿನ ತುಂಬ ಬಿಳಿ ಪುಡಿ. ಮನೆಯವರೆಲ್ಲ ಅರಳು ಮರಳು ಎಂದು ನಕ್ಕು ಸುಮ್ಮನಾದರು. ಯಾವ ವೈದ್ಯರಿಗೂ ತೋರಿಸಲಿಲ್ಲ.

“ಆ ಗಾದೆ ಪೂರ್ತಿ ಸುಳ್ಳಾಗಿದ್ರೆ ಬಿಟ್ಟುಬಿಡ್ತಿದ್ದೆ ಅಮ್ಮಣ್ಣಿ. ಅರ್ಧ ಸರಿ ಅದು, ಅದಕ್ಕೇ ಅಪಾಯ” ಎಂದರು ಮೇಷ್ಟ್ರು. “ವಯಸ್ಸಾಗ್ತಾ ಆಗ್ತಾ ಮೆದುಳಿನಲ್ಲಿ ಜೀನುಗಳ ಕೆಲಸ ಬದಲಾಗುತ್ತೆ. ನರಕೋಶ ಒಂದಕ್ಕೊಂದು ಮಾತಾಡೋಕೆ ಬೇಕಾದ ಕೆಲವು ಮಂಕಾಗ್ತವೆ, ಉರಿಯೂತ ಎಬ್ಬಿಸೋ ಕೆಲವು ಚುರುಕಾಗ್ತವೆ. ಇದು ನಿಮಗೂ ಆಗುತ್ತೆ, ನನಗೂ ಆಗುತ್ತೆ. ಆಲ್ಜೈಮರ್ ಬಂದವರ ಮೆದುಳು ನೋಡಿದ್ರೆ ಇಂಥವೇ ಬದಲಾವಣೆಗಳು ಎಷ್ಟೋ ಕಾಣ್ತವೆ, ಆದ್ರೆ ಬಹಳ ಮುಂದಕ್ಕೆ ಹೋಗಿರ್ತವೆ. ಅಷ್ಟು ಮಟ್ಟಿಗೆ ಗಾದೆ ಸರಿ. ಆದ್ರೆ ಮುಪ್ಪು ಬಂದವರಿಗೆಲ್ಲ ಕಾಯಿಲೆ ಬರಲ್ಲ. ತೊಂಬತ್ತು ದಾಟಿದ ನಿಮ್ಮಜ್ಜಿ ಇವತ್ತಿಗೂ ಯಾರ ಹಸು ಯಾವಾಗ ಕರು ಹಾಕ್ತು ಅಂತ ಹೇಳಲ್ವಾ? ಮುಪ್ಪೂ ಕಾಯಿಲೇನೂ ಒಂದಷ್ಟು ದೂರ ಒಂದೇ ದಾರೀಲಿ ನಡೀತವೆ. ಎಲ್ಲಿ ಬೇರೆಯಾಗ್ತವೆ ಅನ್ನೋದೇ ಯಾರಿಗೂ ಸರಿಯಾಗಿ ಗೊತ್ತಿಲ್ಲ.”

ನಾನು ಗಣಿತದವಳು, ಗೊತ್ತಿಲ್ಲ ಎಂಬ ಉತ್ತರ ನನಗೆ ರುಚಿಸುವುದಿಲ್ಲ. “ಹಾಗಾದ್ರೆ ನಿಮ್ಮ ವಿಜ್ಞಾನ ಏನು ಕಡಿದು ಕಟ್ಟೆ ಹಾಕ್ತು?” ಎಂದು ಕೆಣಕಿದೆ. ಅವರು ನಗಲಿಲ್ಲ. ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡುತ್ತ ಕೂತರು.

ಕಾಯಿಲೆ ಅವರನ್ನು ಮೊದಲು ಮುಟ್ಟಿದ್ದು ನಮ್ಮೆಲ್ಲರ ಕಣ್ಣೆದುರಿಗೇ, ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ, ಲ್ಯಾಬಿನ ಆಯುಧಪೂಜೆಯಲ್ಲಿ. ಮೈಕ್ರೋಸ್ಕೋಪುಗಳಿಗೆಲ್ಲ ಕುಂಕುಮ ಇಟ್ಟು ಪೂಜೆ ಮಾಡುವವರು ಮೇಷ್ಟ್ರೇ. ಅಪ್ಪನ ಮನೆಯ ವಿದ್ಯೆ, ಸಂಕಲ್ಪ ಸ್ಪಷ್ಟವಾಗಿ ಹೇಳುತ್ತಿದ್ದರು. ಸಂಕಲ್ಪವೆಂದರೆ ಪೂಜೆಗೆ ಕೂತವನು ತಾನು ಯಾವ ಕಾಲದಲ್ಲಿ, ಯಾವ ಜಾಗದಲ್ಲಿ ಇದ್ದೇನೆಂದು ದೇವರಿಗೆ ಹೇಳಿಕೊಳ್ಳುವುದು: ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿ, ಇಂಥ ವಾರ. ಅವರ ಮನೆಯ ರೂಢಿಯಲ್ಲಿ ಕೂತ ಊರಿನ ಹೊಳೆಯ ಹೆಸರೂ ಅದರೊಳಗೆ ಬರಬೇಕು. ನಂಜನಗೂಡಿನ ಮನೆಯಲ್ಲಾದರೆ ಕಪಿಲಾ ತೀರ, ಕಾಲೇಜಿನಲ್ಲಾದರೆ ಕಾವೇರಿ ಕಪಿಲಾ ಸಂಗಮ. ಅಷ್ಟು ವರ್ಷವೂ ತಪ್ಪಿರಲಿಲ್ಲ.

ಆ ದಿನ ಕಪಿಲಾ ತೀರ ಎಂದರು. ಲ್ಯಾಬಿನ ಅಟೆಂಡರು ನರಸೀಪುರದವನು, ಊರಿನ ಅಭಿಮಾನದವನು. “ಸಾ, ಇದು ಎರಡು ಹೊಳೆ ಸೇರೋ ಕೂಡ್ಲು ಸಾ. ನಮ್ಮ ಕಾವೇರೀನ ಎಲ್ ಬಿಟ್ರಿ?” ಎಂದ. ಎಲ್ಲರೂ ನಕ್ಕೆವು. “ಮನೆ ಪೂಜೆ ಬಾಯಿಗೆ ಬಂದ್ಬಿಡ್ತು” ಎಂದು ಮೇಷ್ಟ್ರೂ ನಕ್ಕರು. ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಕಪಿಲಾ ತೀರ. ಈ ಸಲ ಅಟೆಂಡರು ಬಾಯಿ ತೆರೆಯಲಿಲ್ಲ. ಮೇಷ್ಟ್ರು ಅಕ್ಷತೆ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು, ನಾವು ಅಲ್ಲಿಗೆ ಯಾಕೆ ಬಂದಿದ್ದೇವೆ ಎಂಬಂತೆ.

ವಾಪಸು ಬರುವ ಬಸ್ಸಿನಲ್ಲಿ ಪುಸ್ತಕ ತೆಗೆಯಲಿಲ್ಲ. ಅರ್ಧ ದಾರಿಯಲ್ಲಿ ಮೆಲ್ಲಗೆ, “ಅಮ್ಮಣ್ಣಿ, ನಾವೀಗ ಹೋಗ್ತಿದೀವೋ, ಬರ್ತಿದೀವೋ?” ಎಂದು ಕೇಳಿದರು. “ಬರ್ತಿದೀವಿ ಸಾರ್, ಊರಿಗೆ” ಎಂದೆ. ತಲೆಯಾಡಿಸಿದರು. ಆಮೇಲೆ, “ನಂಗೆ ಶುರುವಾಗಿದೆ. ಅಮ್ಮನಿಗೆ ಆದದ್ದೇ” ಎಂದರು. ನಾನು ಡಬ್ಬಿಯಲ್ಲಿದ್ದ ಹುಚ್ಚೆಳ್ಳು ಪುಡಿ ಬೇಕಾ ಎಂದು ಕೇಳಿದೆ. ಬೇಡ ಎಂದರು.

ನಾನು ಅವರ ಹೆಂಡತಿಗೆ ಹೇಳಿದಾಗ ಆಕೆ, ತುಂಬ ಒಳ್ಳೆಯ ಹೆಂಗಸು, ಅದೇ ಗಾದೆ ಹೇಳಿದರು: “ಅರವತ್ತಾಗ್ತಾ ಬಂತಲ್ಲ, ಅರಳು ಮರಳು. ನಂಗೂ ಸ್ಟೌವ್ ಮೇಲಿನ ಹಾಲು ಮರ್ತೋಗುತ್ತೆ. ಅದಕ್ಕೆಲ್ಲ ಡಾಕ್ಟ್ರ ಹತ್ರ ಹೋಗ್ತಾರಾ?” ಮೇಷ್ಟ್ರೂ ಕಾಯಿಲೆಯ ಹೆಸರು ಕೇಳಲು ಹೆದರಿ ನಾಳೆ ನಾಳೆ ಎಂದರು, ಮನೆಯವರು ಗಾದೆಯ ಮಾತು ನಂಬಿದರು, ವರ್ಷ ಕಳೆಯಿತು. ಮೈಸೂರಿನ ಡಾಕ್ಟರಿಗೆ ತೋರಿಸುವ ಹೊತ್ತಿಗೆ ಮೇಷ್ಟ್ರು ನಿವೃತ್ತರಾಗಿದ್ದರು. ಡಾಕ್ಟರು ಇವತ್ತು ಯಾವ ವಾರ, ಯಾವ ತಿಂಗಳು, ಇದು ಯಾವ ಊರು ಎಂದು ಕೇಳುತ್ತ ಹೋದಾಗ ಮೇಷ್ಟ್ರು ಸಂಕಲ್ಪ ಶುರು ಮಾಡಿದರಂತೆ. ಜಂಬೂದ್ವೀಪದಿಂದ ಹಿಡಿದು ತಡೆಯಿಲ್ಲದೆ ಹೇಳಿಕೊಂಡು ಬಂದವರು ಸಂವತ್ಸರದ ಹತ್ತಿರ ನಿಂತುಬಿಟ್ಟರಂತೆ. ಈ ವರ್ಷದ ಹೆಸರು ಬಾಯಿಗೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಬ್ಬ ಮನುಷ್ಯನ ದುಃಖವಾಗಿರುತ್ತಿತ್ತು. ಅವರಿಗೆ ಒಬ್ಬಳೇ ಮಗಳು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವ ಕೆಲಸ. ಅಲ್ಲೇ ಕೆಲಸ ಮಾಡುವ ಹುಡುಗನೊಂದಿಗೆ ಮದುವೆಯ ಮಾತಾಗಿತ್ತು, ಎರಡೂ ಮನೆಯವರು ಒಪ್ಪಿದ್ದರು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ವಾರವೇ ಹುಡುಗಿ ಮದುವೆ ಬೇಡ ಎಂದಳು. “ಅಜ್ಜಿಗೆ ಬಂತು, ಅಪ್ಪನಿಗೆ ಬಂತು, ಇನ್ನು ಸರದಿ ನಂದೇ. ಗೊತ್ತಿದ್ದೂ ಗೊತ್ತಿದ್ದೂ ಒಬ್ಬರ ಮನೆಗೆ ಹೋಗಿ ನಾನ್ಯಾಕೆ ಅವರ ತಲೆ ಮೇಲೆ ಕೂರಲಿ?” ಹುಡುಗ ಕಾಯುತ್ತೇನೆ ಎಂದ. ಇವಳು ಅವನ ಫೋನು ಎತ್ತುವುದನ್ನು ಬಿಟ್ಟಳು.

ಮೇಷ್ಟ್ರಿಗೆ ತಮ್ಮ ಕಾಯಿಲೆಗಿಂತ ಇದೇ ಕೊರಗಾಯಿತು. ಆಗಿನ್ನೂ ಒಳ್ಳೆಯ ದಿನಗಳಿದ್ದವು, ಬೆಳಗಿನ ಹೊತ್ತು ತಿಳಿಯಾಗಿ ಮಾತನಾಡುತ್ತಿದ್ದರು. ಊರ ಮಕ್ಕಳಿಗೆಲ್ಲ ಜೀನಿನ ಪಾಠ ಹೇಳಿದ ಮನುಷ್ಯನಿಗೆ ಮಗಳ ಮುಂದೆ ಕೂತರೆ ಮಾತು ಹೊರಡುತ್ತಿರಲಿಲ್ಲ. ಹೊರಟರೂ ಅವಳು “ಅಪ್ಪಾ, ಸುಮ್ನಿರಿ, ನೀವು ಸುಸ್ತು ಮಾಡ್ಕೋಬೇಡಿ” ಎಂದು ಎದ್ದು ಹೋಗುತ್ತಿದ್ದಳು. ಒಮ್ಮೆ ನಾನು ಹೋದಾಗ ನನ್ನ ಕೈ ಹಿಡಿದುಕೊಂಡರು. “ಅಮ್ಮಣ್ಣಿ, ನೇರವಾಗಿ ಅಪ್ಪನಿಂದ ಮಕ್ಕಳಿಗೆ ಇಳಿಯೋ ಜಾತಿಯ ಆಲ್ಜೈಮರ್ ಬೇರೆ, ಅದು ಅಪರೂಪ. ನಂದು ಅದಲ್ಲ ಅಂತ ಡಾಕ್ಟ್ರೇ ಹೇಳಿದಾರೆ. ಮನೇಲಿ ಯಾರಿಗಾದ್ರೂ ಇದ್ರೆ ಅಪಾಯ ಸ್ವಲ್ಪ ಜಾಸ್ತಿ, ನಿಜ. ಆದ್ರೆ ಬಂದೇ ಬರುತ್ತೆ ಅಂತಿಲ್ಲ. ಅವಳಿಗೆ ನೀವು ಹೇಳಿ. ನಾನು ಹೇಳೋಕೆ ಹೋದ್ರೆ ಅವಳಿಗೆ ಕಾಯಿಲೆ ಕಾಣುತ್ತೆ, ನನ್ನ ಮಾತು ಕೇಳಿಸಲ್ಲ.”

ಹೇಳಿದೆ. ಡಾಕ್ಟರೂ ಹೇಳಿದ್ದರು. ಹುಡುಗಿ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿ, “ಆಂಟಿ, ಬರಲ್ಲ ಅಂತ ಬರೆದು ಕೊಡ್ತಾರಾ?” ಎಂದಳು.

ಮುಂದೆ ಇಳಿಜಾರು. ಮೇಷ್ಟ್ರು ಮನೆಯವರ ಕಣ್ಣು ತಪ್ಪಿಸಿ ಬಸ್ ನಿಲ್ದಾಣಕ್ಕೆ ಹೋಗಿ ನರಸೀಪುರದ ಬಸ್ಸು ಹತ್ತಿಬಿಡುವರು. ಹಳೆಯ ಕಂಡಕ್ಟರೇ ಇದ್ದ, ಟಿಕೆಟ್ಟು ಕೇಳುತ್ತಿರಲಿಲ್ಲ. ಅದೇ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ವಾಪಸು ಕರೆತಂದು ಮನೆಯ ಬಾಗಿಲಿಗೆ ಬಿಡುತ್ತಿದ್ದ. ಒಂದು ದಿನ ನಾನು ಅಲ್ಲೇ ಇದ್ದೆ. ಒಂದು ಕೈಯಲ್ಲಿ ಮೇಷ್ಟ್ರ ಕೈ, ಇನ್ನೊಂದು ಕೈಯಲ್ಲಿ ಅವರ ಚಪ್ಪಲಿ ಹಿಡಿದುಕೊಂಡು ಬಂದ. “ಬುಕ್ಕು ಇಲ್ದಿದ್ರೂ ಚಪ್ಲಿ ಬುಟ್ಟೇ ಕೂತವ್ರೆ ಮೇಡಮ್ಮೋರೇ. ಇಳೀವಾಗ ಮರ್ತವ್ರೆ” ಎಂದ. ಚಪ್ಪಲಿಯನ್ನು ಬಾಗಿಲ ಪಕ್ಕ ಜೋಡಿಸಿಟ್ಟು ಕಣ್ಣೊರೆಸಿಕೊಂಡು ಹೋದ.

ಆಮೇಲೆ ಮಗಳೂ ಅವರ ನೆನಪಿನಿಂದ ಅಳಿಸಿಹೋದಳು. ಕಾರ್ಖಾನೆಯಿಂದ ಬಂದವಳನ್ನು ಕಾಲೇಜಿನ ಹುಡುಗಿಯೆಂದುಕೊಂಡು, “ಯಾವ ಸೆಕ್ಷನ್ನಮ್ಮಾ ನೀನು? ಮನೆವರೆಗೂ ಯಾಕೆ ಬಂದೆ?” ಎಂದು ಕೇಳುವರು. ನಾನು ಮಾತ್ರ ಅಮ್ಮಣ್ಣಿಯಾಗಿ ಉಳಿದುಕೊಂಡಿದ್ದೆ. ಅದು ಮಗಳಿಗೆ ಎಷ್ಟು ಚುಚ್ಚುತ್ತಿತ್ತೆಂದು ನನಗೆ ಗೊತ್ತು. ನನಗೂ ಅದು ಬೇಡವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗುವಾಗ ದಾರಿಯಲ್ಲಿ ಅರ್ಧ ಮಾಗಿದ ಪಚ್ಚಬಾಳೆಯ ಒಂದು ಚಿಪ್ಪು ತೆಗೆದುಕೊಂಡೆ. ಅವರ ಮನೆಯಲ್ಲೂ ಹಿಂದಿನ ವಾರದ್ದು ಒಂದೆರಡು ಕಪ್ಪಾಗಿ ಉಳಿದಿದ್ದವು. ಮೇಷ್ಟ್ರು ನನ್ನ ಕೈಯಿಂದ ಚಿಪ್ಪು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಯಾರೂ ಹೇಳದೆ, ಒಂದು ಕಾಯಿ ಕಿತ್ತರು, ಒಂದು ಹಣ್ಣು ಕಿತ್ತರು, ತಟ್ಟೆಯಲ್ಲಿದ್ದ ಕಪ್ಪನೆಯದೊಂದನ್ನು ಎತ್ತಿಕೊಂಡರು. ಮೂರನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟರು. ಬಲಗೈ ಸೀಮೆಸುಣ್ಣಕ್ಕಾಗಿ ಗಾಳಿಯಲ್ಲಿ ತಡಕಾಡಿತು.

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ನಿಂತ್ಕೊಂಡು ಕೇಳೋ ಪಾಠ ಅಲ್ಲಮ್ಮ ಇದು, ಕೂತ್ಕೋ” ಎಂದು ಗದರಿದರು. ಅವಳು ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ ಕೂರು ಎಂದೆ. ಚಾಪೆಯ ಅಂಚಿನಲ್ಲಿ ಕಾಲು ಮಡಚಿ ಕೂತಳು. ಪಾಠ ಶುರುವಾಯಿತು. ಎಷ್ಟೋ ಮಾತು ತಪ್ಪಿದವು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಆದರೂ ಮಲಗಿರುವ ಜೀನು, ಎದ್ದಿರುವ ಜೀನು, ಇದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ, ಎಲ್ಲವೂ ಬಂದವು. ಎಲ್ಲಿ ಇಟ್ಟಿದ್ದರೋ ಇವನ್ನೆಲ್ಲ!

ಮಗಳು ಕೈಯೆತ್ತಿದಳು. ನಿಜವಾಗಿಯೂ ಕ್ಲಾಸಿನಲ್ಲಿ ಎತ್ತುವ ಹಾಗೆ. “ಸಾರ್, ಒಂದು ಡೌಟು.”

“ಕೇಳಮ್ಮ.”

“ನಮ್ಮಪ್ಪನಿಗೆ ಮರೆವಿನ ಕಾಯಿಲೆ ಬಂದಿದೆ ಸಾರ್. ಅಜ್ಜಿಗೂ ಇತ್ತು. ನನಗೂ ಬರುತ್ತಾ?”

ಮೇಷ್ಟ್ರು ಸಾಲಾಗಿಟ್ಟ ಹಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ದಾರಿ ತಪ್ಪಿತು ಎಂದುಕೊಂಡೆ. ಆಮೇಲೆ, “ಅಯ್ಯೋ ಪಾಪ. ನಿಮ್ಮಪ್ಪನಿಗಾ?” ಎಂದರು. “ಅವರ ಹತ್ರ ಕೂತ್ಕೊಂಡು ಮಾತಾಡ್ತಿರಮ್ಮ. ಗೊತ್ತಾಗಲ್ಲ ಅಂತ ಬಿಡ್ಬೇಡ.”

“ಹೂಂ ಸಾರ್. ನನಗೆ?”

“ಬರಬೋದು. ಬರದೇನೂ ಇರಬೋದು. ನಂಗೊತ್ತಿಲ್ಲಮ್ಮ. ಯಾರಿಗೂ ಗೊತ್ತಿಲ್ಲ.” ಮಾಗಿದ ಹಣ್ಣನ್ನು ಕೈಗೆತ್ತಿಕೊಂಡರು. “ಇದೂ ಒಂದು ದಿನ ಹಾಗಾಗಬೋದು” ಎಂದು ಕಪ್ಪನೆಯದನ್ನು ತೋರಿಸಿದರು. “ಅದಕ್ಕೆ ಹೆದರ್ಕೊಂಡು ಇವತ್ತು ತಿನ್ನದೇ ಇಡ್ತಾರೇನಮ್ಮ ಯಾರಾದ್ರೂ?” ಸಿಪ್ಪೆ ಸುಲಿದು ಅವಳ ಮುಂದೆ ಹಿಡಿದರು. “ತಗೋ. ತಿನ್ನು.”

ಅವಳು ತಿಂದಳು. ಅಳುತ್ತ ಅಳುತ್ತ ಪೂರ್ತಿ ತಿಂದಳು. ಅಡುಗೆಮನೆಯಲ್ಲಿ ಅವಳ ತಾಯಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಿಂತಿದ್ದರು. ಮೇಷ್ಟ್ರು ಸಿಪ್ಪೆಯನ್ನು ಮಡಚಿ ತಮ್ಮ ಪಕ್ಕದಲ್ಲಿಟ್ಟುಕೊಂಡು, ಪಾಠ ಮುಗಿದವರ ಹಾಗೆ ಕೈ ಕೊಡವಿಕೊಂಡರು.

ಆ ಸಂಜೆ ಹುಡುಗಿ ಹುಡುಗನಿಗೆ ತಾನೇ ಫೋನು ಮಾಡಿದಳಂತೆ.

ಮದುವೆ ನಂಜನಗೂಡಿನಲ್ಲೇ ಆಯಿತು, ಚಿಕ್ಕದಾಗಿ. ಕನ್ಯಾದಾನಕ್ಕೆ ಮೇಷ್ಟ್ರನ್ನು ಕೂರಿಸುವುದೇ ಬೇಡ, ಚಿಕ್ಕಪ್ಪ ಮಾಡಲಿ ಎಂದು ನೆಂಟರು ಹೇಳಿದರು. ಮಗಳು ಒಪ್ಪಲಿಲ್ಲ. “ಅಪ್ಪನೇ ಧಾರೆ ಎರೀಬೇಕು. ತಪ್ಪಾದ್ರೆ ಆಗಲಿ” ಎಂದಳು. ಸಂಕಲ್ಪದ ಹೊತ್ತು ಬಂದಾಗ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಸಂವತ್ಸರ, ಮಾಸ, ತಿಥಿಗಳನ್ನು ಪುರೋಹಿತರು ಹೇಳಿಕೊಟ್ಟರು, ಇವರು ಹೇಳಿದರು. ಹೊಳೆಯ ಹತ್ತಿರ ಬಂದಾಗ ಪುರೋಹಿತರು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಕಪಿಲಾ ತೀರ ಎಂದು ಗಟ್ಟಿಯಾಗಿ ಹೇಳಿದರು. ಆ ದಿನ ಅದು ಸರಿಯಾಗಿತ್ತು. ಮದುಮಗಳ ಹೆಸರನ್ನು ಮಾತ್ರ ಪುರೋಹಿತರೇ ಹೇಳಿಕೊಡಬೇಕಾಯಿತು. ನಾಮಕರಣದ ದಿನ ತಾವೇ ಅವಳ ಕಿವಿಯಲ್ಲಿ ಉಸುರಿದ ಹೆಸರು. ಬೇರೆ ಯಾರದೋ ಹೆಸರೆಂಬಂತೆ ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದರು.

ಧಾರೆಯಾದ ಮೇಲೆ ಅವರನ್ನು ಕರೆತಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಮೇಷ್ಟ್ರು ಮಂಟಪದ ಕಡೆ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದು, ನನ್ನ ಕಡೆ ಬಾಗಿದರು.

“ಅಮ್ಮಣ್ಣಿ, ಯಾರ ಮದುವೆ ಇದು?”

“ನಿಮ್ಮ ಸ್ಟೂಡೆಂಟು ಸಾರ್” ಎಂದೆ.

ಮತ್ತೊಮ್ಮೆ ಅವಳನ್ನು ನೋಡಿದರು. ಮುಖದಲ್ಲಿ ಹಳೆಯ ನಗು ಸ್ವಲ್ಪ ಮೂಡಿತು.

“ಹೌದೌದು. ಒಳ್ಳೆ ಹುಡುಗಿ ಕಣಮ್ಮ. ಕೊಟ್ಟ ಹಣ್ಣು ಪೂರ್ತಿ ತಿಂದಳು.”